ಟ್ರೇಲರ್ ಬಿಚ್ಚಿಟ್ಟು ಟ್ರಕ್ ಟೆಸ್ಟ್ ಮಾಡಿದರೆ ಏನು ಬಂತು?

ವಾಹನಗಳು ರೇಡಿಯೋದಲ್ಲಿ ಒಂದಕ್ಕೊಂದು ಎಚ್ಚರಿಕೆ ಕೊಡುವ ವಿ2ವಿ ತಂತ್ರಜ್ಞಾನದ ಮಾತು ಬಂದರೆ ಎಲ್ಲರೂ ರೇಡಿಯೋ ಹಿಂದೆ ಬೀಳುತ್ತಾರೆ. ಭಾರೀ ಟ್ರಕ್ಕಿನಲ್ಲಿ ನಿಜವಾದ ತಲೆನೋವು ರೇಡಿಯೋ ಅಲ್ಲ, ಹಿಂದೆ ಕೊಂಡಿ ಹಾಕಿದ ಟ್ರೇಲರ್.

2012ರ ಆಗಸ್ಟ್‌ನಲ್ಲಿ ಅಮೆರಿಕದ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಸುಮಾರು 2,800 ವಾಹನಗಳಿಗೆ ಈ ವಿ2ವಿ ರೇಡಿಯೋ ಕೂರಿಸಿ ಮಾಮೂಲಿ ರಸ್ತೆಗೇ ಬಿಟ್ಟರು. ಅವುಗಳಲ್ಲಿ ಬಸ್ಸು, ಟ್ರಕ್ಕುಗಳೂ ಇದ್ದವು. ಪ್ರತಿ ವಾಹನ ಸೆಕೆಂಡಿಗೆ 10 ಸಲ ತಾನೆಲ್ಲಿದ್ದೇನೆ, ವೇಗ ಎಷ್ಟು, ಬ್ರೇಕ್ ಒತ್ತಿದೆಯಾ ಅಂತ 5.9 ಗಿಗಾಹರ್ಟ್ಸ್‌ನಲ್ಲಿ ಸಾರುತ್ತದೆ. (ನಮ್ಮ ಫಾಸ್ಟ್ಯಾಗ್ ಬೇರೆ ಜಾತಿ. ಅದರಲ್ಲಿ ಬ್ಯಾಟರಿಯೇ ಇಲ್ಲ, ಟೋಲ್ ಗೇಟ್ ಕೇಳಿದರಷ್ಟೇ ಬಾಯಿ ಬಿಡುತ್ತದೆ.)

ಕಾರಿಗೆ ಚಾವಣಿ ಮೇಲೊಂದು ಆಂಟೆನಾ ಸಾಕು. ಟ್ರಕ್ ಕ್ಯಾಬಿನ್ನಿನ ಬೆನ್ನಿಗೆ 53 ಅಡಿ ಉದ್ದದ, ಹದಿಮೂರೂವರೆ ಅಡಿ ಎತ್ತರದ ತಗಡಿನ ಡಬ್ಬ ನಿಂತಿರುತ್ತದೆ. 5 ಸೆಂಟಿಮೀಟರ್ ಅಲೆ ಅದನ್ನು ಸುತ್ತಿಕೊಂಡು ಹೋಗುವುದು ಕಷ್ಟ. ಎರಡೂ ಬದಿಯ ಕನ್ನಡಿಗೆ ಒಂದೊಂದು ಆಂಟೆನಾ ಹಾಕಿದರೂ ಬಾಲಕ್ಕಂಟಿ ಬರುವ ಕಾರು ಕುರುಡು ಜಾಗದಲ್ಲಿ ಸಿಕ್ಕಿಕೊಳ್ಳಬಹುದು. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ; 3 ಡೆಸಿಬೆಲ್ ಸೋರಿದರೆ ಅರ್ಧ ಶಕ್ತಿ ಹೋಯಿತು.

ಇನ್ನು ಉದ್ದದ ಲೆಕ್ಕ. ಬೆಳಿಗ್ಗೆ 53 ಅಡಿ ಟ್ರೇಲರ್, ಮಧ್ಯಾಹ್ನ 28 ಅಡಿಯದು, ಸಂಜೆ ಬರೀ ಮುಂಡಿ (ಟ್ರೇಲರ್ ಎಳೆಯುವ ಎಂಜಿನ್-ಕ್ಯಾಬಿನ್ ಭಾಗ). ಸಂದೇಶದಲ್ಲಿ ಬೆಳಗಿನ ಉದ್ದವೇ ಉಳಿದರೆ ಹಿಂದಿನವನಿಗೆ ಇಲ್ಲದ ಡಬ್ಬ ಕಾಣುತ್ತದೆ. ಚೌಕದಲ್ಲಿ ತಿರುಗುವಾಗ ಇನ್ನೂ ಫಜೀತಿ: ಮುಂಡಿ ಹೊಸ ರಸ್ತೆಗೆ ಹೊರಳಿದೆ, ಡಬ್ಬ ಹಳೇ ರಸ್ತೆಯಲ್ಲೇ ಇದೆ. ಎರಡನ್ನೂ ಒಂದೇ ನೆಟ್ಟನೆ ಆಯತ ಅಂತ ಸಾರಿದರೆ, ಡಬ್ಬ ಇರುವ ಜಾಗ ಖಾಲಿ ಅಂತಾಯಿತು.

ಹಾಗಾಗಿ ಟೆಸ್ಟ್ ಶುರುವಾಗಬೇಕಾದ್ದು ಟೇಪಿನಿಂದ. ಜಿಪಿಎಸ್ ಆಂಟೆನಾದಿಂದ ಮುಂದಿನ ಬಂಪರ್‌ಗೆ, ಹಿಂದಿನ ಅಂಚಿಗೆ ಎಷ್ಟು ಅಂತ ಅಳೆದು ಬರೆದಿಡಿ. ಆಮೇಲೆ ಒಂದೇ ಓಟವನ್ನು ಬರೀ ಮುಂಡಿ, ಖಾಲಿ ಟ್ರೇಲರ್, ತುಂಬಿದ ಟ್ರೇಲರ್ ಹೀಗೆ ಮೂರು ಸಲ ಓಡಿಸಿ. ನಾಲ್ಕೂ ದಿಕ್ಕಿಗೆ 25, 50, 100 ಮೀಟರ್‌ನಲ್ಲಿ ಕಾರು ಇಟ್ಟು, ನಿಮಿಷಕ್ಕೆ ಬರಬೇಕಾದ 600 ಸಂದೇಶಗಳಲ್ಲಿ ಎಷ್ಟು ಬಂದವು ಎಣಿಸಿ. ತುಂಬಿದ ಗಾಡಿ ನಿಲ್ಲಲು ಕಾರಿಗಿಂತ ಹೆಚ್ಚು ದೂರ ಬೇಕು, ಕಾರಿನ ಎಚ್ಚರಿಕೆ ಸಮಯವನ್ನೇ ಇದಕ್ಕೂ ಅಂಟಿಸಬೇಡಿ. ಅಮೆರಿಕದ ಹೆದ್ದಾರಿ ಲೇನ್ 12 ಅಡಿ. ಜಿಪಿಎಸ್ 2 ಮೀಟರ್ ತಪ್ಪಿದರೆ ಪಕ್ಕದ ಲೇನಿನವನು ನಿಮ್ಮ ಮುಂದೆ ಬಂದು ಕೂರುತ್ತಾನೆ. ಸುಳ್ಳು ಬೀಪ್ ಮೂರು ಸಲ ಬಂದರೆ ಸಾಕು, ಡ್ರೈವರ್ ಆ ಸ್ಪೀಕರ್ ಮಾತು ಕೇಳುವುದನ್ನೇ ಬಿಡುತ್ತಾನೆ.

2020ರಲ್ಲಿ ಅಮೆರಿಕ ವಾಹನಗಳ ಈ ಮಾತುಕತೆಗೆಂದು ಇಟ್ಟಿದ್ದ 75 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ 45ನ್ನು ವೈಫೈನಂಥ ಬಳಕೆಗೆ ಬಿಟ್ಟು, ಉಳಿದದ್ದನ್ನು ಸಿ-ವಿ2ಎಕ್ಸ್ (ಮೊಬೈಲ್ ಫೋನಿನ ತಂತ್ರಜ್ಞಾನದ ಮೇಲೆ ಕಟ್ಟಿದ ಬೇರೆ ಬಗೆಯ ವಾಹನ ರೇಡಿಯೋ) ಕಡೆ ತಿರುಗಿಸಿತು. ರೇಡಿಯೋ ಬದಲಾಯಿತು. 53 ಅಡಿ ಡಬ್ಬ ಅದೇ ಇದೆ.