ಸುರಿನಾಮದಲ್ಲಿ ಸಾಡೇಸಾತಿ

ದಕ್ಷಿಣ ಅಮೆರಿಕದ ಸ್ವತಂತ್ರ ದೇಶಗಳಲ್ಲೆಲ್ಲ ಚಿಕ್ಕದಾದ ಸುರಿನಾಮಕ್ಕೆ ಕಾಲಿಟ್ಟ ಕೂಡಲೇ ನಾನು ಕಳೆದುಕೊಂಡದ್ದು ಒಂದು ಗಂಟೆಯನ್ನು. ಕಚೇರಿಯ ಕೆಲಸದ ನಿಮಿತ್ತ ಎರಡು ತಿಂಗಳು ನೆರೆಯ ಗಯಾನಾದ ಜಾರ್ಜ್‌ಟೌನ್‌ನಲ್ಲಿದ್ದವನಿಗೆ ನಾಲ್ಕು ದಿನ ರಜೆ ಸಿಕ್ಕಿತ್ತು. ವಿಮಾನದ ದರ ಕೇಳಿ ಎದೆ ಧಸಕ್ಕೆಂದದ್ದರಿಂದ, ನಸುಕಿನ ಮಿನಿಬಸ್ಸಿನಲ್ಲಿ ಗಡಿಯವರೆಗೆ ಹೋಗಿ, ಕೊರಂಟೈನ್ ನದಿಯನ್ನು ಫೆರ್ರಿಯಲ್ಲಿ ದಾಟಿ, ಆಚೆ ದಡದಲ್ಲಿ ಮತ್ತೊಂದು ಮಿನಿಬಸ್ಸು ಹಿಡಿಯುವ ಅಗ್ಗದ ದಾರಿಯನ್ನು ಆರಿಸಿಕೊಂಡೆ. ನದಿ ದಾಟಲು ಹಿಡಿದದ್ದು ಅರ್ಧ ಗಂಟೆ; ಆದರೆ ಆಚೆ ದಡದ ಗಡಿಯಾರ ಒಂದೂವರೆ ಗಂಟೆ ಮುಂದೆ ಹೋಗಿತ್ತು, ಏಕೆಂದರೆ ಸುರಿನಾಮದ ಕಾಲಮಾನ ಗಯಾನಾಕ್ಕಿಂತ ಒಂದು ಗಂಟೆ ಮುಂದಿದೆ. ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿದ ಅಧಿಕಾರಿ ಆ ಒಂದು ಗಂಟೆಗೆ ಮಾತ್ರ ಯಾವ ರಸೀದಿಯನ್ನೂ ಕೊಡಲಿಲ್ಲ.

ಅಲ್ಲಿಂದ ಮುಂದೆ ಕಂಡದ್ದೆಲ್ಲ ನಮ್ಮದೇ ಎನಿಸುವಂತಿತ್ತು, ನನ್ನ ಕಷ್ಟಗಳಿಗೆ ಮೂಲವೂ ಅದೇ. ಗಡಿಗೆ ಹತ್ತಿದ ನಿಕೇರಿ ಜಿಲ್ಲೆಯ ಬತ್ತದ ಗದ್ದೆಗಳನ್ನು ನೋಡಿದರೆ ಗಂಗಾವತಿಯ ಕಡೆ ಬಂದಂತಾಗುತ್ತಿತ್ತು. ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತಿದ್ದವು. ಆ ಖಂಡದ ನೆಲದ ಮೇಲೆ ಎಡಕ್ಕೆ ಓಡಿಸುವ ಸ್ವತಂತ್ರ ದೇಶಗಳು ಗಯಾನಾ ಮತ್ತು ಸುರಿನಾಮ್ ಎರಡೇ. ರಾಜಧಾನಿ ಪರಮಾರಿಬೊದ ಖಾಸಗಿ ಬಸ್ಸುಗಳ ಮೈಮೇಲೆ ಹಿಂದಿ ಚಿತ್ರರಂಗದ ನಟನಟಿಯರು ಬಣ್ಣಬಣ್ಣವಾಗಿ ನಗುತ್ತಿದ್ದರು, ಸೀಟು ಭರ್ತಿಯಾಗುವ ತನಕ ಆ ಬಸ್ಸುಗಳು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಇಷ್ಟೆಲ್ಲ ಕಂಡ ಮೇಲೆ ಹಾವೇರಿಯವನಾದ ನಾನು ಮೈಮರೆತದ್ದರಲ್ಲಿ ಆಶ್ಚರ್ಯವೇನಿದೆ?

ಮೊದಲು ಕೈಕೊಟ್ಟದ್ದು ರೊಟ್ಟಿ. ವಸತಿಗೃಹದ ಹಿಂದಿನ ಓಣಿಯಲ್ಲಿದ್ದ ಪುಟ್ಟ ಅಂಗಡಿಯ ಹಲಗೆಯ ಮೇಲೆ ‘ರೋಟಿ’ ಎಂದು ಬರೆದದ್ದನ್ನು ಓದಿಕೊಂಡು ಒಳಗೆ ಹೋದೆ. ಖಾನಾವಳಿಯಲ್ಲಿ ಕೂತು ಬೆಳೆದವರಿಗೆ ರೊಟ್ಟಿಯ ಲೆಕ್ಕ ಗೊತ್ತಿರುತ್ತದೆ. ಹಸಿದವನು ಒಂದಕ್ಕೆ ನಿಲ್ಲುವುದಿಲ್ಲ ಎಂದುಕೊಂಡು ಮೂರು ಬೆರಳು ತೋರಿಸಿ ‘ಮೂರು’ ಎಂದೆ. ಸುರಿನಾಮದಲ್ಲಿ ರೋಟಿ ಎಂದರೆ ಬರೀ ರೊಟ್ಟಿಯಲ್ಲ, ಅದು ಇಡೀ ಊಟದ ಹೆಸರು. ಒಳಗೆ ಬೇಳೆಪುಡಿ ತುಂಬಿದ, ಕರವಸ್ತ್ರದಷ್ಟು ಅಗಲದ ರೊಟ್ಟಿ, ಅದರ ಜೊತೆಗೆ ಮಸಾಲೆ ಹಾಕಿದ ಕೋಳಿ, ಆಲೂಗಡ್ಡೆ, ಮೊಳದುದ್ದದ ಅಲಸಂದೆ ಕಾಯಿಯ ಪಲ್ಯ, ಮೇಲೊಂದು ಬೇಯಿಸಿದ ಮೊಟ್ಟೆ. ಇಂಥವು ಮೂರು ನನ್ನೆದುರು ಬಂದು ಕುಳಿತವು. ಪಕ್ಕದ ಮೇಜಿನವರು ಉಳಿದ ಇಬ್ಬರು ಯಾವಾಗ ಬರುತ್ತಾರೆಂದು ಬಾಗಿಲ ಕಡೆ ನೋಡಿದರು, ನಾನೂ ನೋಡಿದೆ. ನಾಲ್ಕು ದಿನಕ್ಕೆಂದು ಲೆಕ್ಕ ಹಾಕಿ ತೆಗೆದಿಟ್ಟ ಊಟದ ಹಣದಲ್ಲಿ ಮೂರರಲ್ಲೊಂದು ಪಾಲು ಆ ಮೇಜಿನ ಮೇಲೆಯೇ ಆವಿಯಾಡುತ್ತಿತ್ತು.

ಅಂಗಡಿಯ ಯಜಮಾನತಿ ಎಪ್ಪತ್ತು ದಾಟಿದ ಹೆಂಗಸು. ಬಂದವರೆಲ್ಲ ಆಕೆಯನ್ನು ‘ಆಜಿ’ ಎಂದು ಕರೆಯುತ್ತಿದ್ದರು. ಅಲ್ಲಿನ ಹಿಂದೂಸ್ತಾನಿಗಳ ಸರ್ನಾಮಿ ಮಾತಿನಲ್ಲಿ ಅದಕ್ಕೆ ತಂದೆಯ ತಾಯಿ ಎಂದರ್ಥ. ನನಗೆ ಕೇಳಿಸಿದ್ದು ಅಪ್ಪಟ ‘ಅಜ್ಜಿ’ಯೇ. ಆ ದೇಶದಲ್ಲಿ ನನಗೆ ಮೋಸ ಮಾಡದ ಪದ ಅದೊಂದೇ ಎಂದು ಈಗ ಅನಿಸುತ್ತದೆ. ಶಾಲೆಯಲ್ಲಿದ್ದಾಗ ಪ್ರಥಮಾ, ಮಧ್ಯಮಾ ಪರೀಕ್ಷೆಗಳನ್ನು ಪಾಸು ಮಾಡಿದ ಧೈರ್ಯದಿಂದ, ನನ್ನಿಂದ ತಪ್ಪಾಯಿತು, ದಯಮಾಡಿ ಎರಡನ್ನು ಕಟ್ಟಿಕೊಡಬೇಕು ಎಂಬ ಅರ್ಥ ಬರುವಂತೆ ಶುದ್ಧ ಹಿಂದಿಯಲ್ಲಿ ನಿವೇದಿಸಿಕೊಂಡೆ. ಆಜಿ ಸೌಟು ಕೆಳಗಿಟ್ಟು ಒಳಗಿದ್ದ ಸೊಸೆಯನ್ನು ಕೂಗಿ ಕರೆದರು. ಸಿನಿಮಾದ ನ್ಯಾಯಾಧೀಶರ ಹಾಗೆ ಮಾತಾಡುವ ಹುಡುಗನೊಬ್ಬ ಬಂದಿದ್ದಾನೆ, ಬಂದು ನೋಡು ಎಂದು ಹೇಳಿದರೆಂಬುದು ನನಗೆ ಅರ್ಥವಾದದ್ದು ಇಬ್ಬರೂ ನಕ್ಕು ಮುಗಿಸಿದ ಮೇಲೆ.

ಆ ಮಾತು ಪುಸ್ತಕದಿಂದ ಬಂದದ್ದಲ್ಲ, ಹಡಗಿನಲ್ಲಿ ಬಂದದ್ದು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಗಿ, ಆಗ ಆ ನಾಡನ್ನು ಆಳುತ್ತಿದ್ದ ಡಚ್ಚರು ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡು ಭಾರತದಿಂದ ಕೂಲಿಗಳನ್ನು ಕರೆಸಿದರು. ಕಲಕತ್ತೆಯಿಂದ ಹೊರಟ ಮೊದಲ ಹಡಗು ಪರಮಾರಿಬೊ ಮುಟ್ಟಿದ್ದು 1873ರ ಜೂನ್ 5ರಂದು. 1916ರ ತನಕ ಹೀಗೆ 34 ಸಾವಿರಕ್ಕೂ ಹೆಚ್ಚು ಜನ ಬಂದಿಳಿದರು. ಬಹುಪಾಲು ಮಂದಿ ಭೋಜ್‌ಪುರಿ, ಅವಧಿ ಆಡುವ ಸೀಮೆಗಳವರು. ಆಜಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ನಿಮ್ಮ ಹಿರಿಯರು ಬಂದದ್ದು ಯಾವ ಹಡಗಿನಲ್ಲಿ ಎಂಬುದಾಗಿತ್ತು. ನಾನು ಬಂದದ್ದು ಮೊನ್ನೆ, ಅದೂ ಫೆರ್ರಿಯಲ್ಲಿ ಎಂದೆ. ಆಕೆ ನನ್ನನ್ನು ತೀರಾ ತಡವಾಗಿ ಬಂದ ಕೂಲಿಯ ಹಾಗೆ ಮರುಕದಿಂದ ನೋಡಿ, ಮಿಕ್ಕ ಎರಡು ಊಟಗಳನ್ನು ಕಟ್ಟಿಸಿಕೊಟ್ಟರು.

ಇನ್ನು ಮೆಣಸಿನಕಾಯಿಯ ವಿಷಯ. ಬ್ಯಾಡಗಿಯ ಪಕ್ಕದಲ್ಲಿ ಹುಟ್ಟಿದವನಿಗೆ ಖಾರದ ಬಗ್ಗೆ ಒಂದಿಷ್ಟು ಜಂಭ ಇದ್ದೇ ಇರುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರೆಲ್ಲ ಬಣ್ಣಕ್ಕೇ ಹೊರತು ಖಾರಕ್ಕಲ್ಲ ಎಂಬ ಸತ್ಯವನ್ನು ನಾವು ಹೊರಗಿನವರಿಗೆ ಹೇಳಲು ಹೋಗುವುದಿಲ್ಲ. ಮರುದಿನ ಆಜಿ ತಟ್ಟೆಯ ಅಂಚಿನಲ್ಲಿ ಹಳದಿ ಬಣ್ಣದ ಪುಟ್ಟದೊಂದು ಕಾಯಿಯನ್ನು ಇಟ್ಟು, ಉಗುರಿನಷ್ಟು ಮುರಿದುಕೋ ಎಂದು ಸನ್ನೆ ಮಾಡಿದರು. ಮೈಯೆಲ್ಲ ಸುಕ್ಕುಗಟ್ಟಿ, ನೋಡುವುದಕ್ಕೆ ದೊಡ್ಡ ಮೆಣಸಿನಕಾಯಿಯ ಮರಿಯಂತಿದ್ದ ಅದರ ಹೆಸರು ಮದಾಮ್ ಜಾನೆಟ್. ಹೆಂಗಸಿನ ಹೆಸರಿಟ್ಟುಕೊಂಡ ಹಳದಿ ಕಾಯಿ ಎಷ್ಟು ಖಾರವಿದ್ದೀತು ಎಂದುಕೊಂಡು ಅರ್ಧ ಕಚ್ಚಿದೆ. ಖಾರವನ್ನು ಅಳೆಯುವ ಸ್ಕೋವಿಲ್ ಮಾಪನದಲ್ಲಿ ಅದು ಲಕ್ಷ ದಾಟುತ್ತದೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ತಿಳಿದದ್ದು ನನ್ನ ಕಿವಿಗಳು ಎಲ್ಲಿವೆ ಎಂಬುದಷ್ಟೇ. ಆಜಿಯ ಸೊಸೆ ಓಡಿಹೋಗಿ ಪಕ್ಕದ ಜಾವಾ ಮೂಲದವರ ಅಂಗಡಿಯಿಂದ ತೆಂಗಿನ ಹಾಲಿನ ಗುಲಾಬಿ ಬಣ್ಣದ ದಾವೆಟ್ ಎಂಬ ಪಾನೀಯ ತಂದುಕೊಟ್ಟಳು. ಡಚ್ಚರು 1890ರಿಂದ ಜಾವಾದವರನ್ನೂ ಕೂಲಿಗೆ ಕರೆತಂದಿದ್ದರ ಫಲವಾಗಿ ನನ್ನ ಪ್ರಾಣ ಉಳಿಯಿತು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ದೋಣಿಯ ವಿಷಯದಲ್ಲಿ. ಕಾಮೆವೈನೆ ನದಿಯ ಹಳೆಯ ಕಬ್ಬಿನ ತೋಟಗಳನ್ನೂ ನದಿಮುಖದ ಡಾಲ್ಫಿನ್‌ಗಳನ್ನೂ ತೋರಿಸಿಕೊಂಡು ಬರುವ ಅಗ್ಗದ ದೋಣಿಯೊಂದಕ್ಕೆ ಹಣ ಕಟ್ಟಿದ್ದೆ. ದೋಣಿಯವನು ‘ನಾಳೆ, ವಾಟರ್‌ಕಾಂಟ್, ಹಾಲ್ಫ್ ಅಖ್ತ್’ ಎಂದ. ವಾಟರ್‌ಕಾಂಟ್ ನದಿಯ ದಂಡೆಯ ಬೀದಿ. ಅಖ್ತ್ ಎಂದರೆ ನಮ್ಮ ಅಷ್ಟವೇ ಎಂದು ಯಾರೂ ಹೇಳಿಕೊಡದೆ ಹೊಳೆದದ್ದಕ್ಕೆ ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಅಷ್ಟಕ್ಕೆ ಅರ್ಧ ಸೇರಿಸಿದರೆ ಎಂಟೂವರೆ.

ಆ ಬೆಳಿಗ್ಗೆ ಬೇಗ ಎದ್ದು, ಊರಿನಿಂದ ತಂದಿದ್ದ ಕಾಯಿಲನ್ನು ಲೋಟದ ನೀರಿಗೆ ಇಳಿಬಿಟ್ಟೆ. ಹೋಟೆಲಿನ ಕಾಫಿಯ ಖರ್ಚು ಉಳಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಮನೆಯಲ್ಲಾದರೆ ಮೂರು ನಿಮಿಷಕ್ಕೆ ಕುದಿಯುವ ನೀರು ಹತ್ತು ನಿಮಿಷವಾದರೂ ಧ್ಯಾನಸ್ಥವಾಗಿತ್ತು. ಅಲ್ಲಿನ ವಿದ್ಯುತ್ತು 127 ವೋಲ್ಟಿನದು. ನಮ್ಮ 230ರ ಅರ್ಧಕ್ಕಿಂತ ತುಸು ಹೆಚ್ಚಾದರೂ, ಹಾಳಾದ ಭೌತಶಾಸ್ತ್ರದ ನಿಯಮದಂತೆ ಶಾಖ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಅಂತೂ ಉಗುರುಬೆಚ್ಚಗಿನ ಕಾಫಿ ಕುಡಿದು ಎಂಟೂಕಾಲಿಗೆಲ್ಲ ದಂಡೆಯ ಮೇಲೆ ನಿಂತು, ಮಿಕ್ಕ ಪ್ರವಾಸಿಗಳು ಇನ್ನೂ ಬಾರದ್ದಕ್ಕೆ ಅವರ ಶಿಸ್ತಿನ ಬಗ್ಗೆ ಮನಸ್ಸಿನಲ್ಲೇ ಟೀಕೆ ಮಾಡುತ್ತಿದ್ದೆ. ಒಂಬತ್ತಾದ ಮೇಲೆ ತಿಂಡಿಗಾಡಿಯ ಹೆಂಗಸು ಕರೆದು ವಿಚಾರಿಸಿ ಹಣೆ ಚಚ್ಚಿಕೊಂಡಳು. ಡಚ್ಚಿನಲ್ಲಿ ಅರ್ಧ ಎಂಟು ಎಂದರೆ ಎಂಟನೆಯ ಗಂಟೆ ಅರ್ಧವಷ್ಟೇ ಆಗಿದೆ ಎಂದರ್ಥ, ಅಂದರೆ ಏಳೂವರೆ. ಹಿಂದಿಯಲ್ಲಿ ಹೇಳುವುದಾದರೆ ಸಾಡೇಸಾತ್. ಊರಿನ ಜೋಯಿಸರು ನನ್ನ ಜಾತಕ ನೋಡಿ ಈಗ ಸಾಡೇಸಾತಿ ನಡೆಯುತ್ತಿದೆ ಎಂದಿದ್ದರು. ಅದು ದೋಣಿಯ ವೇಳೆ ಎಂದು ಬಿಡಿಸಿ ಹೇಳಿರಲಿಲ್ಲ.

ದುಡ್ಡು ಹೋದ ಮೇಲೆ ಉಳಿದದ್ದು ಕಾಲ್ನಡಿಗೆ. 2002ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೆಯ ಊರಿನ ಬಿಳಿ ಮರದ ಮನೆಗಳನ್ನು ನೋಡುತ್ತ, ಯಹೂದಿಗಳ ಮಂದಿರವೂ ಮಸೀದಿಯೂ ಒಂದೇ ಬೀದಿಯಲ್ಲಿ ಅಕ್ಕಪಕ್ಕ ನಿಂತಿರುವ ಕೈಜರ್‌ಸ್ಟ್ರಾಟ್‌ಗೆ ಬಂದೆ. ಮಂದಿರದ ಒಳಗೆ ನೆಲದ ತುಂಬ ಮರಳು. ಟೈಲ್ಸ್ ಕೆಲಸ ಬಾಕಿ ಇರಬೇಕೆಂದು ಎಣಿಸಿ, ರಿಪೇರಿ ಯಾವಾಗ ಮುಗಿಯುತ್ತದೆ ಎಂದು ಅಲ್ಲಿದ್ದ ಹಿರಿಯರನ್ನು ಕೇಳಿದೆ. ಮರಳು ಬೇಕೆಂದೇ ಹಾಸಿದ್ದು, ಅದು ತಲೆಮಾರುಗಳಿಂದ ಬಂದ ಪದ್ಧತಿ ಎಂದು ಅವರು ಸಮಾಧಾನವಾಗಿ ಹೇಳಿದರು. ಈ ಪ್ರಶ್ನೆ ಕೇಳಿದವರಲ್ಲಿ ನಾನು ಮೊದಲನೆಯವನಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಹೊರಡುವ ಹಿಂದಿನ ಸಂಜೆ, ಗಡಿಗೆ ಹೋಗುವ ಮಿನಿಬಸ್ಸಿನ ಚಾಲಕ ಫೋನಿನಲ್ಲಿ ‘ಹಾಲ್ಫ್ ಫೈಫ್’ ಎಂದ. ಈ ಸಲ ನನಗೆ ಪಾಠ ಬಾಯಿಪಾಠವಾಗಿತ್ತು: ಅರ್ಧ ಐದು ಎಂದರೆ ನಾಲ್ಕೂವರೆ. ಆಜಿಗೆ ಹೇಳಿಬರಲು ಹೋದಾಗ ಅವರು ದಾರಿಗೆಂದು ಒಂದೇ ಒಂದು ರೋಟಿ ಕಟ್ಟಿಕೊಟ್ಟು, ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಬೆಳಗಿನ ಜಾವ ನಾಲ್ಕೂಕಾಲಿಗೆ ಚೀಲ ಹೊತ್ತು ವಸತಿಗೃಹದ ಗೇಟಿನ ಮುಂದೆ ನಿಂತೆ. ನಾಲ್ಕೂವರೆಯಾಯಿತು, ಐದಾಯಿತು. ಎರಡು ನಾಯಿಗಳು ಬಂದು ನನ್ನನ್ನು ಮೂಸಿ, ನಂಬಿಕೆ ಬಾರದೆ ಎದುರಿಗೇ ಕುಳಿತವು. ಕತ್ತಲಲ್ಲೇ ಪೊಟ್ಟಣ ಬಿಚ್ಚಿ ತಿನ್ನತೊಡಗಿದೆ. ಆಲೂಗಡ್ಡೆಯ ನಡುವೆ ಮದಾಮ್ ಜಾನೆಟ್ಟಿನ ಚೂರೊಂದು ಸಿಕ್ಕಿ, ಕಣ್ಣೀರು ಸುರಿಸುತ್ತ ಬೀದಿಯ ಕೊನೆಯನ್ನೇ ನೋಡುತ್ತಿದ್ದಾಗ ಐದೂವರೆಗೆ ಮಿನಿಬಸ್ಸು ಬಂದು ನಿಂತಿತು.

ಇಷ್ಟು ತಡವೇಕೆ ಎಂದು ನಾನು ರೇಗಿದೆ. ಚಾಲಕ ನನ್ನ ಒದ್ದೆ ಮುಖವನ್ನು ಕಂಡು ಗಾಬರಿಯಾಗಿ, ತಾನೊಂದು ನಿಮಿಷವೂ ತಡಮಾಡಿಲ್ಲವೆಂದು ಮುಂಗೈಯನ್ನು ಕಿಟಕಿಯಿಂದ ಹೊರಕ್ಕೆ ಚಾಚಿದ. ಅವನು ಗಯಾನಾದವನು, ಗಡಿ ದಾಟಿದರೂ ಗಡಿಯಾರದ ಮುಳ್ಳು ತಿರುಗಿಸುವ ಅಭ್ಯಾಸ ಅವನಿಗಿರಲಿಲ್ಲ. ಅದರಲ್ಲಿ ಸರಿಯಾಗಿ ನಾಲ್ಕೂವರೆಯಾಗಿತ್ತು. ನದಿ ದಾಟುವಾಗ ನಾನು ಕಳೆದುಕೊಂಡಿದ್ದ ಆ ಒಂದು ಗಂಟೆ ಇಷ್ಟು ದಿನವೂ ಅವನ ಕೈಮೇಲೆ ಭದ್ರವಾಗಿತ್ತು.