ಉಳಿತಾಯದ ಪಾಠಕ್ಕೆ ಫೀಸು 4130 ರೂಪಾಯಿ

ಮುಂಬೈಯಲ್ಲಿ ಈಗ ಮಕ್ಕಳಿಗೆ ದುಡ್ಡು ಉಳಿಸುದು ಹೇಗೆ ಅಂತ ಕಲಿಸ್ಲಿಕ್ಕೆ ಶುರು ಮಾಡಿದ್ದಾರೆ ಮಾರಾಯ್ರೆ. ಪುಕ್ಕಟೆ ಅಂತೂ ಅಲ್ಲ, ತಲೆಗೆ 3500 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ ಅಂತ 630, ಒಟ್ಟು 4130. ಡೊಂಬಿವಲಿ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆ, ಹೆಸರು ಬೇಡ, ನಮ್ಮ ಊರ ಕಡೆಯವರ ಮಕ್ಕಳು ಸುಮಾರು ಜನ ಅಲ್ಲೇ ಓದುದು, ಅಲ್ಲಿಂದ ವಾಟ್ಸಾಪ್‌ನಲ್ಲಿ ಸರ್ಕ್ಯುಲರ್ ಬಂತು. ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಪರ್ಸನಲ್ ಫೈನಾನ್ಸ್ ವರ್ಕ್‌ಶಾಪ್. ಐಚ್ಛಿಕ ಅಂತ ಮೇಲೆ ದೊಡ್ಡಕ್ಷರದಲ್ಲಿ ಉಂಟು, ಕೆಳಗೆ ಸಣ್ಣಕ್ಷರದಲ್ಲಿ ಸೇರದ ಮಕ್ಕಳ ಪಾಲಕರು ಕಾರಣ ಬರೆದು ಪ್ರಿನ್ಸಿಪಾಲರನ್ನು ಖುದ್ದು ಕಾಣಬೇಕು ಅಂತಲೂ ಉಂಟು. ಕಾರಣ ಎಂತ ಬರೆಯುದು ಹೇಳಿ? ದುಡ್ಡು ಉಳಿಸ್ಲಿಕ್ಕೆ ಅಂತ ಬರೆದ್ರೆ ಕೋರ್ಸಿಗೆ ಸೇರದೆಯೇ ಪಾಸಾದ ಹಾಗೆ, ಆದ್ರೆ ಆ ಧೈರ್ಯ ಯಾರಿಗೂ ಬರಲಿಲ್ಲ, ಎಲ್ಲರೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸ್ಕ್ರೀನ್‌ಶಾಟ್ ಹಾಕಿದ್ರು.

ನಿಜ ಹೇಳಬೇಕಂದ್ರೆ ಹಣಕಾಸಿನ ಬುದ್ಧಿ ಕಲಿಬೇಕಾದ್ರೆ ಶಾಲೆಯವರನ್ನು ನೋಡಿಯೇ ಕಲಿಬೇಕು. ಮಹಾರಾಷ್ಟ್ರದಲ್ಲಿ 2011ರ ಶುಲ್ಕ ನಿಯಂತ್ರಣ ಕಾಯ್ದೆ ಉಂಟು, ಒಮ್ಮೆ ಫೀಸು ನಿಗದಿ ಆದ್ರೆ ಎರಡು ಶೈಕ್ಷಣಿಕ ವರ್ಷ ಅದೇ ಇರಬೇಕು, ಏರಿಸುವ ಹಾಗಿಲ್ಲ. ಹಾಗಂತ ಖರ್ಚು ನಿಲ್ತದಾ? ಅದಕ್ಕೇ ಬೂಟು ಇಂಥದ್ದೇ ಅಂಗಡಿಯದ್ದು, ಸ್ಪೋರ್ಟ್ಸ್ ಡೇಗೆ ಹೌಸ್ ಟೀಶರ್ಟು ಬೇರೆ ಬಣ್ಣದ್ದು, ನೋಟ್‌ಬುಕ್ಕಿನ ಮೇಲೆ ಶಾಲೆಯ ಲೋಗೋ, ಲೋಗೋ ಇಲ್ಲದ ನೋಟ್‌ಬುಕ್ಕಿನಲ್ಲಿ ಬರೆದ್ರೆ ಕೂಡುವ ಲೆಕ್ಕ ತಪ್ಪಾಗ್ತದೋ ಏನೋ, ಕಳೆದ ವರ್ಷ ರೋಬೋಟಿಕ್ಸ್ ಕಿಟ್, ಈ ವರ್ಷ ಇದು. ಆದಾಯದ ಮೂಲ ಒಂದೇ ಇರಬಾರದು, ಹತ್ತು ಕಡೆ ಹರಡಿರಬೇಕು ಅಂತ ವರ್ಕ್‌ಶಾಪಿನ ಕೋಚ್ ಆಮೇಲೆ ಮಕ್ಕಳಿಗೆ ಹೇಳಿದ್ದೂ ಅದನ್ನೇ.

ಒಬ್ಬರು ತಾಯಿ ಗ್ರೂಪ್‌ನಲ್ಲಿ ಕೇಳಿದ್ರು. ರಿಸರ್ವ್ ಬ್ಯಾಂಕ್, ಶೇರು ಪೇಟೆ ನೋಡಿಕೊಳ್ಳುವ ಸೆಬಿ ಎಲ್ಲ ಸೇರಿ ಕಟ್ಟಿದ ಆರ್ಥಿಕ ಶಿಕ್ಷಣದ ರಾಷ್ಟ್ರೀಯ ಕೇಂದ್ರ ಅಂತ ಒಂದು ಉಂಟಲ್ಲ, ಶಾಲೆಗಳಿಗೆ ಅದರ ಕಾರ್ಯಕ್ರಮಕ್ಕೆ ದುಡ್ಡಿಲ್ಲ, ರಿಸರ್ವ್ ಬ್ಯಾಂಕಿನ ಪುಸ್ತಿಕೆಗಳು ಕನ್ನಡದಲ್ಲೂ ಪುಕ್ಕಟೆ ಸಿಗ್ತದೆ, ಅವರನ್ನೇ ಕರೀಬಹುದಲ್ಲ ಅಂತ. ಆಫೀಸಿನಿಂದ ಉತ್ತರ ಬಂತು, "ಫ್ರೀ ಕೊಟ್ರೆ ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಾಗುದಿಲ್ಲ ಮೇಡಂ." ಇದಕ್ಕೆ ಎದುರು ಉತ್ತರ ಇದ್ರೆ ನೀವೇ ಹೇಳಿ.

ಇನ್ನೊಂದು ತಮಾಷೆ ಕೇಳಿ. ಮಹಾರಾಷ್ಟ್ರ ಬೋರ್ಡಿನ ಒಂಬತ್ತನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಉಳಿತಾಯ, ಹೂಡಿಕೆ, ಇನ್‌ಕಮ್ ಟ್ಯಾಕ್ಸ್ ಅಂತ ಒಂದು ಇಡೀ ಪಾಠವೇ ಉಂಟು. ಹತ್ತನೇದರಲ್ಲಿ ಅದರ ಮುಂದಿನ ಭಾಗ, ಜಿಎಸ್‌ಟಿ, ಶೇರು, ಬ್ರೋಕರೇಜು, ಮ್ಯೂಚುವಲ್ ಫಂಡು, ತಿಂಗಳು ತಿಂಗಳು ಇಷ್ಟಂತ ಫಂಡಿಗೆ ಹಾಕುವ ಎಸ್‌ಐಪಿ ತನಕ. ಪಠ್ಯಪುಸ್ತಕ ಮಾಡುವ ಪುಣೆಯ ಬಾಲಭಾರತಿಯವರು ಕನ್ನಡ ಮೀಡಿಯಂ ಮಕ್ಕಳಿಗೆ ಕನ್ನಡದಲ್ಲೇ ಅಚ್ಚು ಹಾಕಿ ಕೊಡ್ತಾರೆ. ಆ ಪುಸ್ತಕದಲ್ಲಿ ಶೇರು, ಮ್ಯೂಚುವಲ್ ಫಂಡಿನ ಪಾಠ ಮುಗಿದ ಕೂಡ್ಲೇ ಮುಂದೆ ಬರುದು ಯಾವ ಪಾಠ ಗೊತ್ತುಂಟಾ? ಸಂಭವನೀಯತೆ, ಅಂದ್ರೆ ನಾಣ್ಯ ಚಿಮ್ಮಿಸಿದ್ರೆ ಹೆಡ್ಡಾ ಟೇಲಾ ಅನ್ನುವ ಪಾಠ. ಪುಸ್ತಕ ಬರೆದವರು ಶೇರು ಪೇಟೆಯ ದಲಾಲ್ ಸ್ಟ್ರೀಟ್ ಕಂಡವರೇ ಇರಬೇಕು. ಆದ್ರೆ ಶಾಲೆಯಲ್ಲಿ ಈ ಪಾಠ ಒಂದೇ ವಾರದಲ್ಲಿ ಓಡಿಸ್ತಾರೆ, ಪರೀಕ್ಷೆಗೆ ಇಷ್ಟು ಮಾರ್ಕಿಗೆ ಬರ್ತದೆ, ಈ ಎರಡು ಲೆಕ್ಕ ಬಾಯಿಪಾಠ ಮಾಡಿ, ಆಯ್ತು. ಓಡಿಸುವ ಟೀಚರಿನ ಮೇಲೆ ನನಗೆ ಸಿಟ್ಟಿಲ್ಲ ಮಾರಾಯ್ರೆ, ಪಾಪ ಕಾಂಟ್ರಾಕ್ಟಿನವರು, ರಜೆಯಲ್ಲಿ ಸಂಬಳ ಇಲ್ಲ, 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ಟ್ಯಾಕ್ಸ್ ಇಲ್ಲ ಅಂತ ಟಿವಿಯಲ್ಲಿ ಬಂದಾಗ ಸ್ಟಾಫ್‌ರೂಮಿನಲ್ಲಿ ಅವರು ಕೇಳಿದ್ರಂತೆ, "12 ಲಕ್ಷ ಅಂದ್ರೆ ನಮ್ಮ ಎಷ್ಟು ವರ್ಷದ್ದು?"

ಸರಿ, ವರ್ಕ್‌ಶಾಪಿಗೆ ಬರುವ. ಕೋಚ್ ಬಂದ್ರು. ವೆಲ್ತ್ ಕೋಚ್ ಅಂತೆ, ಮೊದಲು ಎಂತ ಮಾಡ್ತಿದ್ರು ಕೇಳಿದ್ರೆ ಮೊದಲೂ ಕೋಚೇ. ಏಪ್ರಿಲ್ ತಿಂಗಳ ಸೆಕೆಯಲ್ಲೂ ಕೋಟು. ಮೊದಲ ಸ್ಲೈಡಿನಲ್ಲಿ ಐನ್‌ಸ್ಟೀನ್ ಫೋಟೋ, ಚಕ್ರಬಡ್ಡಿಯೇ ಪ್ರಪಂಚದ ಎಂಟನೇ ಅದ್ಭುತ ಅಂತ ಹೇಳಿದ್ರಂತೆ. ಅವರು ಹಾಗೆ ಹೇಳಿದ್ದಕ್ಕೆ ಗಟ್ಟಿ ದಾಖಲೆ ಎಂತದೂ ಇಲ್ಲ, ಇರಲಿ, ಸತ್ತವರು ಬಂದು ಕೇಸ್ ಹಾಕುದಿಲ್ಲ.

ಎರಡನೇ ಸ್ಲೈಡು 50-30-20. ಸಂಬಳದಲ್ಲಿ 50 ಪಾಲು ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ. ಅಮೆರಿಕದಿಂದ ಬಂದ ಲೆಕ್ಕ ಇದು, ವಿಮಾನದಲ್ಲಿ ಬಂದದ್ದು, ಲೋಕಲ್ ಟ್ರೈನ್ ಹತ್ತಿ ಅಭ್ಯಾಸ ಇಲ್ಲ. ಮಕ್ಕಳಿಗೆ ಆಟ ಕೊಟ್ರು, ಮನೆಯ ಖರ್ಚನ್ನು ಮೂರು ಡಬ್ಬಿಗೆ ಹಾಕಿ ಅಂತ. ಹೋಟೆಲ್ ಕ್ಯಾಪ್ಟನ್ ಕೆಲಸದವರ ಮಗ ಒಬ್ಬ, ಒಂಬತ್ತನೇ ಕ್ಲಾಸು, ಎದ್ದು ನಿಂತು ಅಪ್ಪನ ಸಂಬಳ 28 ಸಾವಿರ ಅಂತ ಬರೆದ, ಬಾಡಿಗೆ 12, ಶಾಲೆ, ಟ್ಯೂಷನ್, ರೇಷನ್, ಲೈಟ್ ಬಿಲ್ಲು, ಊರಲ್ಲಿ ಅಜ್ಜಿಯ ಬಿಪಿ ಮಾತ್ರೆ, ಎಲ್ಲ ಬರೆದಾದ ಮೇಲೆ ಅಗತ್ಯದ ಡಬ್ಬಿಯೇ 112% ಆಯ್ತು. ಕೋಚ್ ಹೇಳಿದ್ರು, ಡ್ಯಾಡಿ ಸೈಡ್ ಇನ್‌ಕಮ್ ಬಗ್ಗೆ ಯೋಚನೆ ಮಾಡಬೇಕು. ಬೆಳಿಗ್ಗೆ ಏಳಕ್ಕೆ ಹೋಗಿ ರಾತ್ರಿ ಹನ್ನೊಂದೂವರೆಯ ಕರ್ಜತ್ ಲೋಕಲ್‌ನಲ್ಲಿ ಬರುವ ಡ್ಯಾಡಿ ಇನ್ನು ಯಾವ ಸೈಡಿಗೆ ಹೋಗುದು ಅಂತ ಹುಡುಗ ಕೇಳಲಿಲ್ಲ, ಸಭ್ಯ ಹುಡುಗ. ಬದಲಿಗೆ ಬೇರೆ ಕೇಳಿದ, ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಮುಂಬೈ ಸಮಿತಿಯವರು ರಸೀದಿ ಪುಸ್ತಕ ಹಿಡ್ಕೊಂಡು ಬಂದು 5000 ಬರ್ಕೊಂಡು ಹೋದ್ರು, ಅದು ಯಾವ ಡಬ್ಬಿಗೆ ಸರ್? ಕೋಚ್ ತಡವರಿಸಿದ್ರು. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಇನ್ಶೂರೆನ್ಸ್ ಸರ್." ಕ್ಲಾಸಿಡೀ ನಗು. ಹೌದಲ್ವಾ ಮತ್ತೆ, ಆ ರಸೀದಿ ಹರಿಸದೆ ಊರಿಗೆ ಹೋಗಿ ನೋಡಿ, ನಿಮ್ಮನ್ನು ಕಾಗೆ ಕೂಡ ಮಾತಾಡಿಸುದಿಲ್ಲ.

ಆಮೇಲೆ ಎಸ್‌ಐಪಿ. ಹದಿನೈದನೇ ವರ್ಷದಿಂದ ತಿಂಗಳಿಗೆ 1000 ಹಾಕಿ, ವರ್ಷಕ್ಕೆ 12% ಬಂದ್ರೆ ಅರವತ್ತಕ್ಕೆ 2 ಕೋಟಿ 16 ಲಕ್ಷ ಅಂತ ಪರದೆ ತುಂಬ ಸೊನ್ನೆ. ಮಕ್ಕಳು ಬಾಯಿ ಬಿಟ್ಟು ನೋಡಿದ್ರು. ಲೆಕ್ಕ ತಪ್ಪಲ್ಲ, ಕ್ಯಾಲ್ಕುಲೇಟರ್ ಒತ್ತಿ ನಾನೂ ನೋಡಿದೆ. ಆದ್ರೆ ಶೆಟ್ರ ಮಗಳು ಒಬ್ಬಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಲೋಗೋ ಇರುವ ನೋಟ್‌ಬುಕ್ಕೇ, ಏನೋ ಗೀಚಿ ಕೈ ಎತ್ತಿದ್ಳು. "ಸರ್, ಬೆಲೆ ವರ್ಷಕ್ಕೆ 6% ಏರಿದ್ರೆ ಈಗ 20 ರೂಪಾಯಿಯ ವಡಾಪಾವ್ ಆಗ 275 ಆಗ್ತದೆ. ನಿಮ್ಮ 2 ಕೋಟಿ ಇವತ್ತಿನ 16 ಲಕ್ಷದಷ್ಟೂ ಇಲ್ಲ." ಹುಡುಗಿಯ ಅಪ್ಪನದ್ದು ಘಾಟ್‌ಕೋಪರಿನಲ್ಲಿ ಸಣ್ಣ ಹೋಟೆಲು, ಎಣ್ಣೆ ಡಬ್ಬಿಯ ರೇಟು ಆ ಮನೆಯಲ್ಲಿ ದಿನಾ ಸುಪ್ರಭಾತದ ಹಾಗೆ ಕೇಳ್ತದೆ, ಹಣದುಬ್ಬರ ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಕೋಚ್ ಹೇಳಿದ್ರು, ವೆರಿ ಗುಡ್, ನೆಕ್ಸ್ಟ್ ಕ್ವಶ್ಚನ್.

ನೆಕ್ಸ್ಟ್ ಕ್ವಶ್ಚನ್ ಇನ್ನೂ ಕಷ್ಟದ್ದು. ಒಬ್ಬನ ಅಣ್ಣ ಲೋನ್ ಆ್ಯಪಿನಲ್ಲಿ ಸಾಲ ತಗೊಂಡು ಈಗ ರಿಕವರಿಯವರು ಫೋನಿನಲ್ಲಿದ್ದ ನಂಬರಿಗೆಲ್ಲ, ಚಿಕ್ಕಮ್ಮನಿಗೆ, ಕಾಲೇಜಿನ ಸರ್‌ಗೆ ಕೂಡ ಫೋನ್ ಮಾಡಿ ಬೈತಾ ಇದ್ದಾರಂತೆ, ಎಂತ ಮಾಡುದು ಅಂತ. ಕೋಚ್ ಹೇಳಿದ್ರು ಅದು ಈ ಮಾಡ್ಯೂಲಿನಲ್ಲಿ ಬರುದಿಲ್ಲ. ನನ್ನ ಕೇಳಿದ್ರೆ ಮಕ್ಕಳಿಗೆ ಕಲಿಸಬೇಕಾದ್ದು ಇದೇ. ಸಂಬಳದ ಸ್ಲಿಪ್ಪಿನಲ್ಲಿ ಪಿಎಫ್ ಕಟ್ ಆದದ್ದು ಎಲ್ಲಿಗೆ ಹೋಗ್ತದೆ, ಸಾಲಕ್ಕೆ ಜಾಮೀನು ಸಹಿ ಹಾಕಿದ್ರೆ ಎಂತ ಆಗ್ತದೆ, ದುಡ್ಡು ಬರ್ಲಿಕ್ಕೆ ಯುಪಿಐ ಪಿನ್ ಒತ್ತಬೇಕು ಅಂತ ಯಾರಾದ್ರೂ ಹೇಳಿದ್ರೆ ಯಾಕೆ ಫೋನ್ ಇಡಬೇಕು. ಬ್ಯಾಂಕ್ ಅಂದ್ರೆ ಸೇಫ್ ಅಂತ ಒಂದು ಸ್ಲೈಡಿನಲ್ಲಿ ಮುಗಿಸಿದ್ರು. ಮುಂಬೈಯಲ್ಲಿ ನಿಂತು ಇದನ್ನು ಹೇಳ್ಲಿಕ್ಕೆ ಎದೆಗಾರಿಕೆ ಬೇಕು, 2019ರ ಸೆಪ್ಟೆಂಬರಿನಲ್ಲಿ ಪಿಎಂಸಿ ಅನ್ನುವ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ ಮೊದಲಿಗೆ 1000 ರೂಪಾಯಿ ಮಾತ್ರ ತೆಗೀಬಹುದು ಅಂತ ಹೇಳಿದಾಗ ಶಟರಿನ ಮುಂದೆ ನಿಂತ ಅಜ್ಜ ಅಜ್ಜಿಯರ ಮೊಮ್ಮಕ್ಕಳೇ ಈಗ ಈ ಬೆಂಚಿನಲ್ಲಿ ಕೂತದ್ದು. ಬ್ಯಾಂಕ್ ಮುಳುಗಿದ್ರೆ ಇಟ್ಟ ದುಡ್ಡಿಗೆ ಡಿಪಾಸಿಟ್ ಇನ್ಶೂರೆನ್ಸ್ ಅಂತ ಒಂದುಂಟು, 1 ಲಕ್ಷ ಇದ್ದದ್ದು 2020ರಲ್ಲಿ 5 ಲಕ್ಷ ಆಯ್ತು, ಇಡೀ ವರ್ಕ್‌ಶಾಪಿನಲ್ಲಿ ಆ ಮಾತೇ ಬರಲಿಲ್ಲ.

ಬಂದ ಮಾತು ಯಾವುದು ಗೊತ್ತುಂಟಾ? ಕೊನೆಯ ಅರ್ಧ ಗಂಟೆ ಆಪ್ಷನ್ ಟ್ರೇಡಿಂಗ್, ಅಂದ್ರೆ ಶೇರಿನ ದರ ಮುಂದೆ ಏರ್ತದೋ ಇಳಿತದೋ ಅಂತ ಬಾಜಿ ಕಟ್ಟಿದ ಹಾಗಿನ ವ್ಯಾಪಾರ. ಇದು ಬರೀ ಪರಿಚಯಕ್ಕೆ ಅಂತ ಹೇಳಿ, ಮನೆಯಲ್ಲಿ ದೊಡ್ಡವರಿಗೆ ತೋರಿಸಿ ಅಂತ ಶೇರು ಇಡುವ ಡಿಮ್ಯಾಟ್ ಖಾತೆಯ ಕ್ಯೂಆರ್ ಕೋಡ್ ಇರುವ ಬುಕ್‌ಮಾರ್ಕ್ ಹಂಚಿದ್ರು. ಸೆಬಿ 2024ರಲ್ಲಿ ಲೆಕ್ಕ ಹಾಕಿ ಹೇಳಿದೆ, ಮೂರು ವರ್ಷದಲ್ಲಿ ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 93% ಜನ ಕಳ್ಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. 2025ರ ಜನವರಿಯಲ್ಲಿ ಅದೇ ಸೆಬಿ ಮತ್ತೂ ಹೇಳಿತು, ಪಾಠ ಮಾಡುವವರು ಪಾಠ ಮಾತ್ರ ಮಾಡಿ, ಕಳೆದ ಮೂರು ತಿಂಗಳ ಶೇರು ದರ ತೋರಿಸಿ ಟಿಪ್ಸ್ ಕೊಡಬೇಡಿ. ಕೋಚ್ ಈ ನಿಯಮವನ್ನು ಅಕ್ಷರಶಃ ಪಾಲಿಸಿದ್ರು, ಅವರ ಸ್ಲೈಡು ನಾಲ್ಕು ವರ್ಷ ಹಳೇದು.

ಇದೆಲ್ಲ ನೋಡುವಾಗ ನನಗೆ ನೆನಪಾಗುದು ನಮ್ಮ ಹಿಂದಿನವರು. ಹನ್ನೆರಡು ಹದಿಮೂರು ವರ್ಷಕ್ಕೆ ಕುಂದಾಪುರ ಉಡುಪಿಯಿಂದ ಬಂದು ಹಗಲಿಡೀ ಕಪ್ಪು ಬಸಿ ತೊಳೆದು ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸ್ತಾ ಮ್ಯಾಟ್ರಿಕ್ ಮಾಡಿದವರು, ಮೊದಲು ಊರಿಗೆ ಮನಿಯಾರ್ಡರು, ಮಿಕ್ಕಿದ್ರೆ ಸಿನಿಮಾ. ಅದನ್ನೂ ಸುಮ್ಮನೆ ಹೊಗಳುದು ಬೇಡ, ಧಣಿಯ ಹತ್ರ ಜಮೆ ಇಟ್ಟ ಪಗಾರ ಎಷ್ಟೋ ಹುಡುಗರಿಗೆ ಪೂರ್ತಿ ಕೈಗೆ ಬರಲೇ ಇಲ್ಲ. ಈಗಲೂ ಬಿಲ್ಡಿಂಗಿನ ಹೆಂಗಸರು ಹನ್ನೆರಡು ಜನ ಸೇರಿ ಭಿಶಿ, ಅಂದ್ರೆ ಚೀಟಿ ಫಂಡು, ನಡೆಸ್ತಾರೆ, ತಿಂಗಳಿಗೆ ತಲಾ 2000, ಯಾರ ಮಗಳ ಅಡ್ಮಿಷನ್ ಉಂಟೋ ಅವರಿಗೆ ಚೀಟಿ ಎತ್ತದೆಯೇ ಕೊಟ್ಟು ಬಿಡ್ತಾರೆ, ಒಂದು ಪವರ್‌ಪಾಯಿಂಟ್ ಇಲ್ಲ. ಮಕ್ಕಳಿಗೆ ಅದೆಲ್ಲ ಗೊತ್ತುಂಟು. ಮೇ ರಜೆಗೆ ಊರಿಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೇಟಿಗೆ 60 ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ಮೂರು ಫೋನು ಹಿಡಿದು ಕೂತುಕೊಳ್ಳುವ ಮನೆಯ ಮಕ್ಕಳಿಗೆ ಪ್ಲ್ಯಾನಿಂಗ್ ಕಲಿಸ್ಲಿಕ್ಕೆ ಹೊರಗಿನವರು ಬೇಕಾ?

ಸಮಾರೋಪಕ್ಕೆ ಮುಖ್ಯ ಅತಿಥಿಯಾಗಿ ಒಬ್ಬ ಪುಢಾರಿ. ಬ್ಯಾನರು, ಶಾಲು, ಢೋಲು. ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ ಮಕ್ಕಳೇ ಅಂತ ಭಾಷಣ. ಮಹಾರಾಷ್ಟ್ರದಲ್ಲಿ ಅವರ ಪಕ್ಷದ ಸರಕಾರ 2025-26ಕ್ಕೆ ಮಂಡಿಸಿದ ಬಜೆಟ್‌ನಲ್ಲಿ ಕಂದಾಯ ಕೊರತೆಯೇ 45,891 ಕೋಟಿ, ಪಾಪ ಅವರಿಗೆ ಈ ವರ್ಕ್‌ಶಾಪ್ ಸಿಗಲಿಲ್ಲ.

ಕೊನೆಗೆ ಪ್ರಾಜೆಕ್ಟು. ನಿಮ್ಮ ಮನೆಯ ಒಂದು ತಿಂಗಳ ಬಜೆಟ್ ಚಾರ್ಟ್ ಪೇಪರಿನಲ್ಲಿ ಬರೆದು ತನ್ನಿ, 20 ಮಾರ್ಕು. ಅವತ್ತು ರಾತ್ರಿ ಪಾಲಕರ ಗ್ರೂಪ್ ಹೊತ್ತಿ ಉರೀತು. ಮನೆಯ ಒಳಗಿನ ಸಂಗತಿ ಶಾಲೆಯ ಗೋಡೆಯಲ್ಲಿ ಅಂಟಿಸಿದ್ರೆ ಮರ್ಯಾದೆ ಹೋಗ್ತದಲ್ಲ, ಪಕ್ಕದ ಫ್ಲ್ಯಾಟಿನವರ ಮಗಳೂ ಅದೇ ಕ್ಲಾಸು. ಒಬ್ಬರು ಎಕ್ಸೆಲ್ ಶೀಟ್ ಹಾಕಿದ್ರು, ಉಳಿದವರು ಹೆಸರು ಮಾತ್ರ ಬದಲಾಯಿಸಿದ್ರು. ಸಂಬಳ ಸ್ವಲ್ಪ ಏರ್ತು, ಬಾಡಿಗೆ ಇಳಿತು, ಭಿಶಿ ಹೋಗಿ ಮ್ಯೂಚುವಲ್ ಫಂಡ್ ಬಂತು, ಚಿನ್ನದ ಸಾಲ ಕಾಣೆಯಾಯ್ತು, ಬ್ರಹ್ಮಕಲಶ ಚಾರಿಟಿ ಆಯ್ತು, ಎಲ್ಲರ ಮನೆಯಲ್ಲೂ ತಿಂಗಳಿಗೆ ಸರಿಯಾಗಿ 20% ಉಳಿತಾಯ. ಕ್ಯಾಪ್ಟನರ ಮಗ ಒಬ್ಬ 112% ಅಂತಲೇ ಬರೆದು 20ಕ್ಕೆ 6 ತಗೊಂಡ, ಪ್ರೆಸೆಂಟೇಶನ್ ನೀಟಾಗಿಲ್ಲ ಅಂತ ಷರಾ.

ಜೂನ್‌ನಲ್ಲಿ ಪಾಲಕ ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಯ ಮೀಟಿಂಗು. ಎರಡು ವರ್ಷ ಮುಗಿದಿತ್ತು, ಫೀಸು ಏರಿಸುವ ಪ್ರಸ್ತಾವ ಟೇಬಲ್ಲಿಗೆ ಬಂತು. ಒಬ್ಬರು ತಂದೆ ಎದ್ದು ಪಾಲಕರಿಗೆ ಕಷ್ಟ ಆಗ್ತದೆ ಸರ್ ಅಂದ್ರು. ಟ್ರಸ್ಟಿಯವರು ಕನ್ನಡಕ ಸರಿ ಮಾಡ್ಕೊಂಡು ಫೈಲು ತೆಗೆದ್ರು, ಅದರಲ್ಲಿ ಮಕ್ಕಳ ಪ್ರಾಜೆಕ್ಟಿನ ಫೋಟೋಗಳು. ನಮ್ಮ ಶಾಲೆಯ ಕುಟುಂಬಗಳಲ್ಲಿ ಒಂದನ್ನು ಬಿಟ್ಟು ಎಲ್ಲರೂ ಆದಾಯದ 20% ಉಳಿಸ್ತಾ ಇದ್ದಾರೆ, ಕೆಲವರಿಗೆ 30% ಬರೀ ಆಸೆಗೆ ಅಂತ ಉಂಟು, ಆ ಆಸೆಯಲ್ಲಿ ಶಿಕ್ಷಣಕ್ಕೂ ಸ್ವಲ್ಪ ಜಾಗ ಇರಲಿ ಅಂದ್ರು. ಇಡೀ ಕೋಣೆಯಲ್ಲಿ ಯಾರೂ ತುಟಿ ಪಿಟಿಕ್ ಅನ್ನಲಿಲ್ಲ. ಅನ್ನುದಾದ್ರೂ ಹೇಗೆ, ಬಾಯಿ ಬಿಟ್ರೆ ಮಕ್ಕಳ 20 ಮಾರ್ಕು ಹೋಗ್ತದೆ.