ನೀತಿ ತರುವ ಮೊದಲು ಪರಿಣಾಮದ ಅಂದಾಜು ಕಡ್ಡಾಯ ಆಗಬೇಕಾ?

ಪರ: ಮೊದಲು ಲೆಕ್ಕ, ಆಮೇಲೆ ಕಾನೂನು

1989ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಒಂದು ನಿಯಮ ಬಂತು. ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ, ವಾರಕ್ಕೊಂದು ದಿನ ಆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಹೊಗೆ ಕಡಿಮೆ ಆಗಲಿ ಅಂತ. ಉದ್ದೇಶ ಒಳ್ಳೆಯದೇ. ಹಲವರು ಏನು ಮಾಡಿದರು? ಬೇರೆ ನಂಬರಿನ ಇನ್ನೊಂದು ಕಾರು ತಂದುಕೊಂಡರು. ಅದೂ ಹಳೆಯದು, ಹೊಗೆ ಜಾಸ್ತಿ ಉಗುಳುವಂಥದ್ದು.

ಇಂಗ್ಲೆಂಡಿನ ಕಿಟಕಿ ತೆರಿಗೆಯದೂ ಇದೇ ಕಥೆ. 1696ರಲ್ಲಿ ಶುರುವಾಯಿತು. ಕಿಟಕಿ ಹೆಚ್ಚಿದ್ದರೆ ತೆರಿಗೆ ಹೆಚ್ಚು. ಜನ ಇಟ್ಟಿಗೆ ಕಟ್ಟಿ ಕಿಟಕಿ ಮುಚ್ಚಿದರು. ಒಳಗೆ ಬೆಳಕಿಲ್ಲ, ಗಾಳಿಯಿಲ್ಲ, ಬೊಕ್ಕಸಕ್ಕೆ ಆ ಕಿಟಕಿಯ ಕಾಸೂ ಇಲ್ಲ. ಇಷ್ಟಾದರೂ ಅದು ಹೋಗಿದ್ದು 1851ರಲ್ಲಿ!

ನಿಯಮ ಬಂದ ಮರುದಿನ ಜನ ಏನು ಮಾಡುತ್ತಾರೆ? ಎರಡೂ ಕಡೆ ಕೇಳಬೇಕಿದ್ದದ್ದು ಇದನ್ನೇ ಅಲ್ವಾ? ಖರ್ಚು ಯಾರ ತಲೆಗೆ, ಲಾಭ ಯಾರ ಜೇಬಿಗೆ, ಸುಮ್ನೆ ಬಿಟ್ಟರೆ ಏನಾಗುತ್ತದೆ, ಬೇರೆ ದಾರಿ ಇದೆಯಾ? ಇವನ್ನೆಲ್ಲ ಬರೆದು ಕರಡಿನ ಜೊತೆಗೇ ಜನರ ಮುಂದಿಡಲಿ. ತಪ್ಪಿದ್ದರೆ ಹೊರಗಿನವರು ಹಿಡಿಯುತ್ತಾರೆ.

ವಿರೋಧ: ಮಾಡಿ ನೋಡಿ, ಆಮೇಲೆ ಮಾತಾಡೋಣ

ಹಳೆಯ ಎಡವಟ್ಟು ತೋರಿಸಿ ‘ಮೊದಲೇ ಯೋಚಿಸಬೇಕಿತ್ತು’ ಅನ್ನುವುದು ಸುಲಭ. ಆ ಅಂದಾಜು ಬರೆಯುವವರು ಯಾರು ಹೇಳಿ? ಬಹಳ ಸಲ, ನೀತಿ ತರಲು ಹೊರಟ ಇಲಾಖೆಯೇ. ತೀರ್ಮಾನ ಮೊದಲು, ವರದಿ ಆಮೇಲೆ. ಮದುವೆ ಮುಗಿದ ಮೇಲೆ ಜಾತಕ ಕೂಡಿಸಿದ ಹಾಗೆ.

ಇನ್ನೊಂದು ತೊಡಕಿದೆ. ಕಾರ್ಖಾನೆಯವರು ಹೊಸ ಫಿಲ್ಟರಿಗೆ ಸುರಿದ ದುಡ್ಡಿಗೆ ಬಿಲ್ ಇರುತ್ತದೆ. ಮಗು ರಾತ್ರಿಯಿಡೀ ಕೆಮ್ಮದೆ ಮಲಗಿದ್ದಕ್ಕೆ ಯಾವ ಬಿಲ್? ಹೋಗಲಿ, ಖರ್ಚಿನ ಅಂದಾಜಾದರೂ ಸರಿ ಬರುತ್ತದಾ ಅಂದರೆ ಅದೂ ಇಲ್ಲ. ಆಮ್ಲ ಮಳೆ ತಡೆಯಲು ಅಮೆರಿಕ 1990ರಲ್ಲಿ ಕಾನೂನು ತಂದಾಗ, ಮೊದಲು ಹೆದರಿಸಿದ್ದಕ್ಕಿಂತ ಬಹಳ ಕಡಿಮೆಯಲ್ಲಿ ಕೆಲಸ ಆಯಿತು.

ಸ್ವೀಡನ್ನಿನ ಸ್ಟಾಕ್‌ಹೋಮ್ ನೋಡಿ. ನಗರದ ಒಳಭಾಗದ ಗಡಿ ದಾಟಿ ಬರುವ, ಹೋಗುವ ವಾಹನಕ್ಕೆ ಶುಲ್ಕ ಅಂದಾಗ ಬಹಳ ಜನ ಬೇಡ ಅಂದಿದ್ದರು. ಅಲ್ಲಿನವರೂ ಮುಂಚೆ ಲೆಕ್ಕ ಹಾಕಿದ್ದರು ಬಿಡಿ, ಆ ಲೆಕ್ಕಕ್ಕೆ ಯಾರ ಮನಸ್ಸೂ ಕರಗಿರಲಿಲ್ಲ. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಮಾಡಿಯೇ ನೋಡಿದರು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು 20% ಇಳಿದವು. ಪ್ರಯೋಗ ನಿಲ್ಲಿಸಿ ಸೆಪ್ಟೆಂಬರಿನಲ್ಲಿ ಮತಕ್ಕೆ ಹಾಕಿದರು. ನಗರದಲ್ಲಿ ‘ಬೇಕು’ ಅಂದವರೇ ಹೆಚ್ಚಾದರು. ಮುಂದಿನ ವರ್ಷ ಆಗಸ್ಟಿನಲ್ಲಿ ಶುಲ್ಕ ಕಾಯಂ ಆಯಿತು.